25 ಲೀಟರ್‌ಗಿಂತ ಕಡಿಮೆಯಿದ್ದರೆ ಅದು ಬಾಯ್ಲರ್ ಅಲ್ಲ!

ಬಾಯ್ಲರ್ ಎಂದರೇನು? ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವೈವಾದಲ್ಲಿ ಕೇಳುವ ಸುಲಭದ ಪ್ರಶ್ನೆಗಳಲ್ಲಿ ಇದೂ ಒಂದು. ಮುಚ್ಚಿದ ಪಾತ್ರೆಯಲ್ಲಿ ನೀರು ಕಾಯಿಸಿ, ಒತ್ತಡದಲ್ಲಿರುವ ಉಗಿಯನ್ನು ತಯಾರಿಸಿ ಹೊರಗಿನ ಕೆಲಸಕ್ಕೆ ಕೊಡುವ ಸಾಧನ ಎಂದರೆ ಅಂಕ ಸಿಗುತ್ತದೆ. ಆದರೆ ಇದೇ ಪ್ರಶ್ನೆಯನ್ನು ಕಾನೂನಿಗೆ ಕೇಳಿದರೆ ಬೇರೆ ಉತ್ತರ ಬರುತ್ತದೆ. ಬ್ರಿಟಿಷರ ಕಾಲದ 1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ. 2024ರ ಡಿಸೆಂಬರ್‌ನಲ್ಲಿ ರಾಜ್ಯಸಭೆ, 2025ರ ಮಾರ್ಚ್‌ನಲ್ಲಿ ಲೋಕಸಭೆ ಅದಕ್ಕೆ ಒಪ್ಪಿಗೆ ಕೊಟ್ಟವು. ಏಪ್ರಿಲ್‌ನಲ್ಲಿ ರಾಷ್ಟ್ರಪತಿಯವರ ಅಂಕಿತವೂ ಬಿತ್ತು. ನೂರು ವರ್ಷದ ಹಳೆಯ ಕಾನೂನು ಬದಲಾದದ್ದು ಟಿ.ವಿ. ಚರ್ಚೆಗೆ ಬರಲಿಲ್ಲ. ಬಾಯ್ಲರ್ ಯಾರಿಗೆ ಬೇಕು ಹೇಳಿ!

ಹೊಸ ಕಾಯ್ದೆಯ ವ್ಯಾಖ್ಯಾನ, 2007ರ ತಿದ್ದುಪಡಿಯಲ್ಲಿ ಬಂದದ್ದೇ. ಅದರ ಪ್ರಕಾರ ಮೂರು ಬಗೆಯ ಪಾತ್ರೆಗಳು ಬಾಯ್ಲರ್ ಅಲ್ಲ. 25 ಲೀಟರ್‌ಗಿಂತ ಕಡಿಮೆ ಹಿಡಿಯುವ ಪಾತ್ರೆ. ಪ್ರತಿ ಚದರ ಸೆಂಟಿಮೀಟರ್‌ಗೆ 1 ಕೆ.ಜಿ.ಗಿಂತ ಕಡಿಮೆ ಒತ್ತಡದಲ್ಲಿ ಕೆಲಸ ಮಾಡಲೆಂದು ವಿನ್ಯಾಸಗೊಂಡು, ಅಷ್ಟರಲ್ಲೇ ಕೆಲಸ ಮಾಡುವ ಪಾತ್ರೆ. ನೀರನ್ನು 100 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೇ ಕಾಯಿಸುವ ಪಾತ್ರೆ. ಈ ಮೂರರ ನಡುವೆ ಇರುವ ಪದ ‘ಅಥವಾ’. ಅಂದರೆ ಮೂರರಲ್ಲಿ ಒಂದು ಷರತ್ತು ಹೊಂದಿದರೂ ಸಾಕು, ಆ ಪಾತ್ರೆ ಕಾಯ್ದೆಯ ಕಣ್ಣಿಗೆ ಬೀಳುವುದಿಲ್ಲ. ನೋಂದಣಿ ಬೇಡ, ತಪಾಸಣೆ ಬೇಡ, ತರಬೇತಿ ಪಡೆದ ಅಟೆಂಡೆಂಟ್ ಬೇಡ. ಇಡೀ ಕಾಯ್ದೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಈ ಪುಟ್ಟ ‘ಅಥವಾ’.

ನಮ್ಮದು ಬಾಯ್ಲರ್‌ಗಳ ಸೀಮೆಯಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕೂ ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಾತ್ರ ನಾವೆಲ್ಲ ಒಂದೇ ಜಿಲ್ಲೆಯವರು, ಉಳಿದ ದಿನಗಳಲ್ಲಿ ತುಮಕೂರಿನವರು. ಶೇಂಗಾ, ರಾಗಿ, ಹುಣಸೆ, ತೆಂಗು ಬೆಳೆಯುವ ಒಣಭೂಮಿ ಇದು. ವಿದ್ಯುತ್ತಿನ ವಿಷಯಕ್ಕೆ ಬಂದರೆ ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್‌ನ ಸೌರ ಪಾರ್ಕ್‌ನಲ್ಲಿ ಒಂದು ಹನಿ ನೀರೂ ಉಗಿಯಾಗಬೇಕಿಲ್ಲ. ಅದೇ ರಾಯಚೂರು ಬಳಿಯ ಯರಮರಸ್‌ನ ತಲಾ 800 ಮೆಗಾವಾಟ್‌ನ ಎರಡು ಘಟಕಗಳಲ್ಲಿ ಒತ್ತಡ 221 ಬಾರ್‌ನ ಕ್ರಿಟಿಕಲ್ ಮಿತಿಯನ್ನೂ ದಾಟಿರುತ್ತದೆ. ಅಲ್ಲಿ ನೀರು–ಉಗಿ ಎಂಬ ಭೇದವೇ ಉಳಿಯುವುದಿಲ್ಲ. ಅಂಥ ದೈತ್ಯರು ನಮ್ಮಲ್ಲಿಲ್ಲ.

ಹಾಗೆಂದು ಉಗಿಯೇ ಇಲ್ಲವೆಂದಲ್ಲ. ಕೊರಟಗೆರೆ ಗಡಿಗೆ ಹತ್ತಿರದ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ಫುಡ್ ಪಾರ್ಕ್ ಇದೆ. ಆಹಾರ ಸಂಸ್ಕರಣೆ ಎಂದರೆ ಬಹುಪಾಲು ಉಗಿಯ ಕೆಲಸವೇ. ನಮ್ಮ ಹಳ್ಳಿಗಳ ಡೇರಿಗೆ ಹಾಕಿದ ಹಾಲು ತುಮಕೂರಿನ ಮಲ್ಲಸಂದ್ರಕ್ಕೆ ಹೋಗಿ ಪಾಶ್ಚರೀಕರಣ ಆಗಬೇಕಾದರೂ ಕಾವು ಬೇಕು. ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿ ಮೇಜಿಗೆ ಉಗಿ ಬೇಕು. ಬಟ್ಟೆಗೆ ಬಣ್ಣ ಹಾಕಲು, ರೇಷ್ಮೆಗೂಡು ಬೇಯಿಸಲು, ಎಣ್ಣೆ ತೆಗೆಯಲು, ಇನ್ನೂರು ಮಕ್ಕಳ ವಸತಿ ನಿಲಯದಲ್ಲಿ ಅನ್ನ–ಇಡ್ಲಿ ಮಾಡಲು, ಮದುವೆ ಮನೆಯಲ್ಲಿ ಸಾವಿರ ಜನಕ್ಕೆ ಬಡಿಸಲು ಉಗಿ ಬೇಕು. ಇವುಗಳಲ್ಲಿ ದೊಡ್ಡವು ಕಾಯ್ದೆಯ ಗೆರೆಯ ಮೇಲಿವೆ. ಸಣ್ಣವು ಗೆರೆಯ ಕೆಳಗೆ. ನಮ್ಮಂಥ ತಾಲ್ಲೂಕುಗಳಲ್ಲಿ ಜನ ಕೈಯಿಟ್ಟು ಕೆಲಸ ಮಾಡುವುದು ಹೆಚ್ಚಾಗಿ ಈ ಕೆಳಗಿನವುಗಳ ಪಕ್ಕದಲ್ಲಿ.

1 ಕೆ.ಜಿ. ಒತ್ತಡ ಎಂದರೆ ಎಷ್ಟು ಎಂಬುದು ಎಲ್ಲರ ಮನೆಯಲ್ಲೂ ಇದೆ. ಕುಕ್ಕರ್ ಸೀಟಿ ಹೊಡೆಯುವಾಗ ಒಳಗಿರುವುದು ಸರಿಸುಮಾರು ಅಷ್ಟೇ ಒತ್ತಡ. ಆಗ ನೀರು 100 ಡಿಗ್ರಿಗೆ ಕುದಿಯದೆ ಸುಮಾರು 120 ಡಿಗ್ರಿವರೆಗೆ ಕಾಯುತ್ತದೆ, ಅದಕ್ಕೇ ಬೇಳೆ ಬೇಗ ಬೇಯುವುದು. 20 ಸೆಂ.ಮೀ. ಅಗಲದ ಮುಚ್ಚಳದ ವಿಸ್ತೀರ್ಣ 314 ಚದರ ಸೆಂ.ಮೀ. ಅಂದರೆ ಮುಚ್ಚಳವನ್ನು ಮೇಲಕ್ಕೆ ತಳ್ಳುತ್ತಿರುವ ಬಲ 314 ಕೆ.ಜಿ., ಮೂರು ಕ್ವಿಂಟಲ್‌ಗೂ ಜಾಸ್ತಿ. ಅಮ್ಮ ಇದನ್ನು ಕೇಳಿ ‘ಸುಮ್ನಿರು, ಇನ್ನು ನಾನು ಕುಕ್ಕರ್ ಇಡೋದೇ ಬೇಡ್ವಾ’ ಎಂದಳು. ಇನ್ನು 1 ಮೀಟರ್ ವ್ಯಾಸದ ಬಾಯ್ಲರ್‌ನಲ್ಲಿ 10 ಕೆ.ಜಿ. ಒತ್ತಡವಿದ್ದರೆ ಅದರ ಒಂದು ತುದಿಯ ತಟ್ಟೆಯ ಮೇಲೆ ಬೀಳುವ ಬಲ 78 ಟನ್. ಮಣ್ಣು ತುಂಬಿದ ಹತ್ತು ಚಕ್ರದ ಲಾರಿಗಳನ್ನು ಮೂರರ ಹತ್ತಿರ ಒಂದರ ಮೇಲೊಂದು ಪೇರಿಸಿದ ಹಾಗೆ.

ಆದರೆ ಅಪಾಯ ಒತ್ತಡದಲ್ಲಿ ಮಾತ್ರ ಇಲ್ಲ. ಸೈಕಲ್ ಟ್ಯೂಬಿನಲ್ಲಿ ಕುಕ್ಕರ್‌ಗಿಂತ ಹೆಚ್ಚಿನ ಒತ್ತಡ ಇರುತ್ತದೆ. ಟ್ಯೂಬ್ ಒಡೆದರೆ ‘ಢಬ್’ ಎನ್ನುತ್ತದೆ, ಅಷ್ಟೇ. ಬಾಯ್ಲರ್ ಒಡೆದರೆ ಗೋಡೆ ಬೀಳುತ್ತದೆ. ವ್ಯತ್ಯಾಸ ಇರುವುದು ಒಳಗಿನ ಬಿಸಿನೀರಿನಲ್ಲಿ. 184 ಡಿಗ್ರಿಯಲ್ಲಿರುವ ನೀರು ಒತ್ತಡದ ಬಲದಿಂದ ಮಾತ್ರ ನೀರಾಗಿ ಉಳಿದಿರುತ್ತದೆ. ಪಾತ್ರೆ ಸೀಳಿದ ಕ್ಷಣ ಅದು 100 ಡಿಗ್ರಿಗೆ ಇಳಿಯಲೇಬೇಕು. ಹೆಚ್ಚುವರಿ ಶಾಖವನ್ನೆಲ್ಲ ಬಳಸಿ ಒಂದು ಪಾಲು ನೀರು ಏಕಾಏಕಿ ಉಗಿಯಾಗುತ್ತದೆ. ಒಂದು ಲೀಟರ್ ನೀರು ಉಗಿಯಾದರೆ 1,600 ಲೀಟರ್‌ಗೂ ಹೆಚ್ಚು ಜಾಗ ಕೇಳುತ್ತದೆ. ಬಾಯ್ಲರ್ ಸ್ಫೋಟವೆಂದರೆ ಇದು.

ಈಗ ನಮ್ಮ ಥರ್ಮೊಡೈನಾಮಿಕ್ಸ್ ಪರೀಕ್ಷೆಗೆ ಒಯ್ಯುವ ಸ್ಟೀಮ್ ಟೇಬಲ್ ಹಿಡಿದು ಒಂದು ಲೆಕ್ಕ ಮಾಡೋಣ. ಮೂರು ಪಾತ್ರೆಗಳು, ಪೂರ್ತಿ ನೀರು ತುಂಬಿವೆ ಎಂದುಕೊಳ್ಳಿ. ಒಂದನೆಯದು 26 ಲೀಟರ್, 1 ಕೆ.ಜಿ. ಒತ್ತಡ. ಇದು ಕಾಯ್ದೆಯ ಪ್ರಕಾರ ಬಾಯ್ಲರ್. ಒಡೆದರೆ ಸುಮಾರು 0.9 ಕೆ.ಜಿ. ನೀರು ಥಟ್ಟನೆ ಉಗಿಯಾಗುತ್ತದೆ, ಅದರ ಗಾತ್ರ 1,500 ಲೀಟರ್. ಎರಡನೆಯದು 24 ಲೀಟರ್, 10 ಕೆ.ಜಿ. ಒತ್ತಡ. ಇದು ಬಾಯ್ಲರ್ ಅಲ್ಲ! ಒಡೆದರೆ 3.4 ಕೆ.ಜಿ. ಉಗಿ, 5,700 ಲೀಟರ್. ಮೂರನೆಯದು 2,000 ಲೀಟರ್, 0.9 ಕೆ.ಜಿ. ಒತ್ತಡ. ಇದೂ ಬಾಯ್ಲರ್ ಅಲ್ಲ. ಒಡೆದರೆ 67 ಕೆ.ಜಿ. ಉಗಿ, 1 ಲಕ್ಷ ಲೀಟರ್‌ಗೂ ಜಾಸ್ತಿ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ನಾಲ್ಕು ಕೋಣೆಗಳನ್ನು ತುಂಬುವಷ್ಟು. ಪರವಾನಗಿ ಬೇಕಾದದ್ದು ಈ ಮೂರರಲ್ಲಿ ಅತಿ ಸಾಧುವಾದದ್ದಕ್ಕೆ.

ಇದು ಅಂದಾಜು ಲೆಕ್ಕ, ನಿಜ. ಮೂರನೆಯ ಪಾತ್ರೆಯಲ್ಲಿ ಒತ್ತಡ ಕಡಿಮೆ ಇರುವುದರಿಂದ ಅದು ಸೀಳುವ ಸಾಧ್ಯತೆಯೂ ಕಡಿಮೆ. ಆದರೂ ಗೆರೆ ಎಳೆದ ಜಾಗ ಭೌತಶಾಸ್ತ್ರದಿಂದ ಬಂದದ್ದಲ್ಲ ಎನ್ನುವುದಂತೂ ಸ್ಪಷ್ಟ. ಹಾಗಾದರೆ ಎಲ್ಲಿಂದ ಬಂತು? 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಒಡೆದು ಹಲವರು ಸತ್ತರು. ಮರುವರ್ಷ ಬಂಗಾಳದಲ್ಲಿ ದೇಶದ ಮೊದಲ ಬಾಯ್ಲರ್ ಕಾನೂನು ಬಂತು. ಆಮೇಲೆ ಪ್ರಾಂತ್ಯಕ್ಕೊಂದು ನಿಯಮ. ಅವನ್ನೆಲ್ಲ ಒಟ್ಟುಗೂಡಿಸಿದ್ದು 1923ರ ಕಾಯ್ದೆ. ಅದರಲ್ಲಿ ಐದು ಗ್ಯಾಲನ್‌ಗಿಂತ ದೊಡ್ಡ ಪಾತ್ರೆ ಬಾಯ್ಲರ್ ಎಂದಿತ್ತು. ದೇಶ ಮೆಟ್ರಿಕ್‌ಗೆ ಬಂದಾಗ ಐದು ಗ್ಯಾಲನ್ 22.75 ಲೀಟರ್ ಆಯಿತು. 2007ರಲ್ಲಿ ಅದನ್ನು ದುಂಡಗೆ 25 ಮಾಡಿದರು. ಲೆಕ್ಕಕ್ಕೆ ಅನುಕೂಲವಾದ ಸಂಖ್ಯೆ, ಅಷ್ಟೇ. ಅಂದಿನ ತಗ್ಗು ಒತ್ತಡದ ದಪ್ಪ ಪಾತ್ರೆಗಳಿಗೆ ಐದು ಗ್ಯಾಲನ್ ಸರಿಯಾದ ಗೆರೆಯಾಗಿದ್ದಿರಬಹುದು. ಇಂದು ಸುರುಳಿ ಪೈಪಿನ ಪುಟ್ಟ ಬಾಯ್ಲರ್‌ಗಳು ಕೆಲವೇ ಲೀಟರ್ ನೀರಿಟ್ಟುಕೊಂಡು ಹತ್ತು ಕೆ.ಜಿ. ಒತ್ತಡ ಕೊಡುತ್ತವೆ. ಮಾರುಕಟ್ಟೆಯಲ್ಲಿ ಇವನ್ನು ‘ನಾನ್ ಐಬಿಆರ್’ ಎಂಬ ಹೆಸರಿನಲ್ಲೇ ಮಾರುತ್ತಾರೆ. ಐಬಿಆರ್ ಎಂದರೆ 1950ರ ಭಾರತೀಯ ಬಾಯ್ಲರ್ ನಿಯಮಾವಳಿ. ನಿಯಮ ಅನ್ವಯಿಸುವುದಿಲ್ಲ ಎಂಬುದೇ ಸರಕಿನ ಜಾಹೀರಾತು!

ಇಲ್ಲಿ ಒಂದು ಮಾತು ಹೇಳಬೇಕು. ಸುರುಳಿ ಪೈಪಿನ ಬಾಯ್ಲರ್‌ನಲ್ಲಿ ನೀರು ಕಡಿಮೆ ಇರುವುದರಿಂದಲೇ ಅದು ಹೆಚ್ಚು ಸುರಕ್ಷಿತ ಎಂಬ ವಾದವಿದೆ, ಅದರಲ್ಲಿ ಹುರುಳಿದೆ. ಒಳ್ಳೆಯ ತಯಾರಕರು ಮಾಡಿದ ಯಂತ್ರದಲ್ಲಿ ನೀರು ತಗ್ಗಿದರೆ ಬರ್ನರ್ ತಾನಾಗಿ ಆರುತ್ತದೆ. ನನ್ನ ತಕರಾರು ಆ ವಿನ್ಯಾಸದ ಮೇಲಲ್ಲ. 24 ಲೀಟರ್ ಎಂದು ಹೇಳಿಕೊಂಡ ಪಾತ್ರೆ ನಿಜಕ್ಕೂ 24 ಲೀಟರ್ ಇದೆಯೇ, ಅದರ ಬೆಸುಗೆ ಹೇಗಿದೆ, ತಗಡು ಎಷ್ಟು ದಪ್ಪ ಎಂದು ನೋಡುವ ಕೆಲಸ ಯಾರದ್ದೂ ಅಲ್ಲ ಎಂಬುದರ ಮೇಲೆ.

ಯುರೋಪಿನವರು ಈ ಗೆರೆಯನ್ನು ಬೇರೆ ಥರ ಎಳೆದಿದ್ದಾರೆ. ಅಲ್ಲಿನ 2014ರ ಒತ್ತಡ ಸಾಧನಗಳ ನಿರ್ದೇಶನದಲ್ಲಿ, 110 ಡಿಗ್ರಿಗಿಂತ ಹೆಚ್ಚಿನ ಉಗಿ ತಯಾರಿಸುವ ಪಾತ್ರೆ 2 ಲೀಟರ್ ದಾಟಿದರೆ ನಿಯಮದೊಳಗೆ ಬಂತು. 2 ಲೀಟರ್! ಪ್ರೆಶರ್ ಕುಕ್ಕರ್‌ಗಳನ್ನಂತೂ ಗಾತ್ರ ನೋಡದೆ ಸೇರಿಸಿದ್ದಾರೆ. ಹಾಗೆಂದು ಎಲ್ಲದಕ್ಕೂ ಒಂದೇ ಕಟ್ಟುನಿಟ್ಟು ಇಲ್ಲ. ಒತ್ತಡವನ್ನು ಲೀಟರ್‌ನಿಂದ ಗುಣಿಸುತ್ತಾರೆ. ಗುಣಲಬ್ಧ 50ರೊಳಗಿದ್ದರೆ ಮೊದಲ ವರ್ಗ, 200ರೊಳಗೆ ಎರಡನೆಯದು, 3,000ದೊಳಗೆ ಮೂರನೆಯದು, ಅದರ ಮೇಲೆ ನಾಲ್ಕನೆಯದು. ವರ್ಗ ಏರಿದಂತೆ ತಪಾಸಣೆ ಬಿಗಿ. ನಮ್ಮ 24 ಲೀಟರ್, 10 ಕೆ.ಜಿ. ಪಾತ್ರೆಯ ಗುಣಲಬ್ಧ 240ರ ಆಸುಪಾಸು. ಅಲ್ಲಿ ಅದು ಮೂರನೆಯ ವರ್ಗದ ಆಸಾಮಿ, ಇಲ್ಲಿ ಬಾಯ್ಲರ್ರೇ ಅಲ್ಲ. ಗುಣಾಕಾರ ಪ್ರೈಮರಿ ಶಾಲೆಯ ವಿದ್ಯೆ. ನೂರು ವರ್ಷಕ್ಕೊಮ್ಮೆ ಕಾಯ್ದೆ ಬದಲಿಸುವಾಗಲಾದರೂ ಅದನ್ನು ಬಳಸಬಹುದಿತ್ತು.

ಕಳೆದ ಬೇಸಿಗೆಯಲ್ಲಿ ನಮ್ಮ ಕಡೆಯ ಒಂದು ಮದುವೆಗೆ ಹೋಗಿದ್ದೆ. ಬಡಿಸಲು ಕರೆದರೆಂದು ಅಡುಗೆಮನೆಗೆ ಹೋದರೆ, ಮೂಲೆಯಲ್ಲಿ ಉಗಿ ತಯಾರಿಸುವ ಉಕ್ಕಿನ ಪಾತ್ರೆ. ಅದರಿಂದ ಪೈಪು ಅನ್ನದ ಕೊಪ್ಪರಿಗೆಗಳಿಗೆ ಹೋಗಿತ್ತು. ಸೇಫ್ಟಿ ವಾಲ್ವ್‌ನ ಸನ್ನೆಗೆ ತಂತಿ ಸುತ್ತಿ ಒಂದು ಹಳೆಯ ತೂಕದ ಬಟ್ಟು ನೇತುಹಾಕಿದ್ದರು. ಒತ್ತಡದ ಗೇಜಿನ ಗಾಜು ಒಡೆದು ಮುಳ್ಳು ಎಲ್ಲೋ ನಿಂತಿತ್ತು. ಇದೇಕೆ ಹೀಗೆ ಎಂದು ಕೇಳಿದ್ದಕ್ಕೆ ಅಡುಗೆಯವರು, ‘ಸುಮ್ ಸುಮ್ನೆ ಉಗಿ ಬಿಡ್ತಾ ಇರ್ತದೆ ಕಣಪ್ಪ, ಗ್ಯಾಸ್ ದಂಡ’ ಎಂದರು. ಅವರು ಹೇಳಿದ್ದರಲ್ಲಿ ತರ್ಕವಿದೆ. ಹೊರಗೆ ಹೋದ ಉಗಿಗೆಲ್ಲ ದುಡ್ಡು ಸುರಿದಿರುತ್ತದೆ. ಪಕ್ಕದಲ್ಲೇ ನಾಲ್ವರು ಹೆಂಗಸರು ತರಕಾರಿ ಹೆಚ್ಚುತ್ತಿದ್ದರು.

ನೋಂದಾಯಿತ ಬಾಯ್ಲರ್‌ನಲ್ಲಿ ಇದೇ ಕೆಲಸ ಮಾಡಿದರೆ ಅಪರಾಧ. ನಿಗದಿತ ಗರಿಷ್ಠ ಒತ್ತಡದಲ್ಲಿ ಸೇಫ್ಟಿ ವಾಲ್ವ್ ತೆರೆಯದಂತೆ ಕೆಡಿಸಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಎಂದು ಹಳೆಯ ಕಾಯ್ದೆಯಲ್ಲೇ ಇತ್ತು. ಹೊಸ ಕಾಯ್ದೆ ಏಳು ಅಪರಾಧಗಳ ಪೈಕಿ ಮೂರನ್ನು ಬರಿಯ ಹಣದ ದಂಡಕ್ಕೆ ಇಳಿಸಿದೆ. ಜೀವಕ್ಕೆ ಕುತ್ತು ತರುವಂಥ ನಾಲ್ಕಕ್ಕೆ ಕ್ರಿಮಿನಲ್ ಶಿಕ್ಷೆ ಉಳಿಸಿಕೊಂಡಿದೆ. ಈ ವಿಂಗಡಣೆ ಸರಿಯಾಗಿಯೇ ಇದೆ. ಕಾಗದ ತಡವಾಗಿ ಕೊಟ್ಟವರನ್ನು ಜೈಲಿಗೆ ಹಾಕುವುದರಲ್ಲಿ ಅರ್ಥವಿಲ್ಲ. ಆದರೆ 25 ಲೀಟರ್‌ಗಿಂತ ಕಡಿಮೆಯ ಪಾತ್ರೆಗೆ ಈ ಕಾಯ್ದೆಯೇ ಅನ್ವಯಿಸದಿರುವಾಗ, ಅದರ ವಾಲ್ವ್‌ಗೆ ಬಟ್ಟು ನೇತುಹಾಕುವುದು ಬಾಯ್ಲರ್ ಅಪರಾಧವೂ ಅಲ್ಲ. ಏನಾದರೂ ಆದ ಮೇಲೆ ನಿರ್ಲಕ್ಷ್ಯದ ಕೇಸು ಹಾಕಬಹುದು. ಆಗುವ ಮೊದಲು ಕೇಳುವವರಿಲ್ಲ.

ಅಂದಹಾಗೆ, ವಾಲ್ವ್ ಕಟ್ಟಿಹಾಕುವ ಚಟ ನಮ್ಮದು ಮಾತ್ರವಲ್ಲ, ಹೊಸದೂ ಅಲ್ಲ. ಸನ್ನೆ ಮತ್ತು ತೂಕದ ಸೇಫ್ಟಿ ವಾಲ್ವ್ ರೂಢಿಗೆ ತಂದವನು ಡೆನಿಸ್ ಪಾಪಿನ್, 1679ರಲ್ಲಿ, ಮೂಳೆ ಬೇಯಿಸಲು ಮಾಡಿದ ತನ್ನ ಪಾತ್ರೆಗಾಗಿ. ಕುಕ್ಕರ್‌ಗೂ ಬಾಯ್ಲರ್‌ಗೂ ಅಜ್ಜ ಒಬ್ಬನೇ. 1803ರಲ್ಲಿ ಲಂಡನ್ ಹತ್ತಿರದ ಗ್ರೀನಿಚ್‌ನಲ್ಲಿ ರಿಚರ್ಡ್ ಟ್ರೆವಿಥಿಕ್‌ನ ಅಧಿಕ ಒತ್ತಡದ ಎಂಜಿನ್ ಸ್ಫೋಟಿಸಿ ನಾಲ್ವರು ಸತ್ತರು. ನೋಡಿಕೊಳ್ಳಬೇಕಿದ್ದ ಹುಡುಗ ಹಾವುಮೀನು ಹಿಡಿಯಲು ಹೋಗಿದ್ದನಂತೆ. ಇನ್ನೊಬ್ಬ ಎಂಜಿನ್ ನಿಲ್ಲಿಸಿದ, ವಾಲ್ವ್ ಬಿಡಿಸಲಿಲ್ಲ. ಅಧಿಕ ಒತ್ತಡ ಬೇಡವೇ ಬೇಡ ಎಂದು ವಾದಿಸುತ್ತಿದ್ದ ಜೇಮ್ಸ್ ವಾಟ್‌ನ ಕಡೆಯವರಿಗೆ ಅದು ಒಳ್ಳೆಯ ಅಸ್ತ್ರವಾಯಿತು. ಟ್ರೆವಿಥಿಕ್ ಬಯ್ದುಕೊಂಡು ಕೂರದೆ ಎರಡು ಸೇಫ್ಟಿ ವಾಲ್ವ್ ಇಟ್ಟ. ನೀರು ತಗ್ಗಿ ತಟ್ಟೆ ಕಾದರೆ ತಾನೇ ಕರಗಿ ಉಗಿಯನ್ನು ಬೆಂಕಿಗೆ ಬಿಡುವ ಸೀಸದ ಬಿರಡೆಯನ್ನೂ ಇಟ್ಟ. ಮನುಷ್ಯ ಮರೆಯುತ್ತಾನೆ ಎಂದು ಒಪ್ಪಿಕೊಂಡು ಮಾಡಿದ ವಿನ್ಯಾಸ ಅದು. ನಮ್ಮ ನಿಯಮಾವಳಿಯಲ್ಲೂ ಒಂದಕ್ಕೆ ಎರಡು ಸೇಫ್ಟಿ ವಾಲ್ವ್ ಕೇಳುವುದರ ಹಿಂದೆ ಇದೇ ಬುದ್ಧಿ ಇದೆ.

ಗೆರೆಯ ಮೇಲಿನ ಬಾಯ್ಲರ್‌ಗಳ ಕಥೆ ಬೇರೆ. ಅಲ್ಲಿ ಪ್ರತಿಯೊಂದಕ್ಕೂ ನೋಂದಣಿ ಸಂಖ್ಯೆ ಇದೆ. ಪ್ರಮಾಣಪತ್ರದಲ್ಲಿ ಗರಿಷ್ಠ ಒತ್ತಡ ಬರೆದಿರುತ್ತದೆ, ಅದಕ್ಕಿಂತ ಮೇಲೆ ಹೋಗುವಂತಿಲ್ಲ. ಹೊಸದರಲ್ಲಿ ಕೆಲಸದ ಒತ್ತಡದ ಒಂದೂವರೆ ಪಟ್ಟು ಒತ್ತಡದ ತಣ್ಣೀರು ತುಂಬಿ ಪರೀಕ್ಷೆ ಮಾಡುತ್ತಾರೆ. (ತಣ್ಣೀರೇ ಏಕೆ ಎಂದರೆ, ಒಡೆದರೂ ಉಗಿಯಾಗುವುದಿಲ್ಲ.) ಪ್ರಮಾಣಪತ್ರದ ಅವಧಿ ಸಾಮಾನ್ಯವಾಗಿ 12 ತಿಂಗಳು. ಬಾಯ್ಲರ್ ಕಿತ್ತು ಬೇರೆಡೆ ಇಟ್ಟರೆ, ರಿಪೇರಿ ಮಾಡಿ ರಚನೆ ಬದಲಿಸಿದರೆ, ಅಪಘಾತವಾದರೆ ಅದು ಊರ್ಜಿತವಲ್ಲ. ಅಪಘಾತವಾದ 24 ಗಂಟೆಯೊಳಗೆ ತಿಳಿಸಬೇಕು. ರಾಜ್ಯದಲ್ಲಿ ಇದನ್ನೆಲ್ಲ ನೋಡುವುದು ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ.

ಆದರೆ ಪ್ರಮಾಣಪತ್ರದ ಮೇಲಿನ ಆ ಸಂಖ್ಯೆ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ದುಂಡು ಪಾತ್ರೆಯ ಗೋಡೆಯ ಮೇಲೆ ಬೀಳುವ ಎಳೆತವೆಂದರೆ ಒತ್ತಡವನ್ನು ವ್ಯಾಸದಿಂದ ಗುಣಿಸಿ, ದಪ್ಪದ ಎರಡರಷ್ಟರಿಂದ ಭಾಗಿಸುವುದು. 1 ಮೀಟರ್ ವ್ಯಾಸ, 10 ಮಿ.ಮೀ. ದಪ್ಪ, 10 ಕೆ.ಜಿ. ಒತ್ತಡವಿದ್ದರೆ ಪ್ರತಿ ಚದರ ಮಿ.ಮೀ.ಗೆ ಸುಮಾರು 50 ನ್ಯೂಟನ್. ತುಕ್ಕು ತಿಂದು ದಪ್ಪ 8 ಮಿ.ಮೀ.ಗೆ ಇಳಿದರೆ ಅದೇ ಒತ್ತಡದಲ್ಲಿ 62.5. ಗೇಜಿನ ಮುಳ್ಳು ಮೊದಲಿದ್ದಲ್ಲೇ ನಿಂತಿರುತ್ತದೆ, ಗೋಡೆ ಮಾತ್ರ ಹೆಚ್ಚು ನೋವು ತಿನ್ನುತ್ತಿರುತ್ತದೆ.

ಇನ್ನು ನಮ್ಮ ನೀರು. ಪಾವಗಡದ ಫ್ಲೋರೈಡ್ ನೀರಿನ ಬಗ್ಗೆ ಈ ಪತ್ರಿಕೆಯ ಓದುಗರಿಗೆ ಹೇಳಬೇಕಿಲ್ಲ. ತುಂಗಭದ್ರಾ ಹಿನ್ನೀರಿಗಾಗಿ ಆ ತಾಲ್ಲೂಕು ಎಷ್ಟು ವರ್ಷ ಕಾದಿದೆ ಎಂಬುದೂ ಗೊತ್ತು. ಫ್ಲೋರೈಡ್ ಹಲ್ಲು, ಮೂಳೆಯನ್ನು ಕಾಡಿದರೆ ಬಾಯ್ಲರ್ ಅನ್ನು ಕಾಡುವುದು ಗಡಸುತನ. ಕೊಳವೆಬಾವಿ ನೀರು ಕಾಯಿಸಿದ ಹಂಡೆಯ ತಳದಲ್ಲಿ ಬಿಳಿ ಹೆಕ್ಕಳಿಕೆ ಕಟ್ಟುತ್ತದಲ್ಲ, ಅದೇ ಬಾಯ್ಲರ್‌ನೊಳಗೂ ಕಟ್ಟುತ್ತದೆ. ಕುಡಿಯುವ ನೀರಿನಲ್ಲಿ, ಬೇರೆ ಮೂಲವಿಲ್ಲದಿದ್ದರೆ, ಲೀಟರ್‌ಗೆ 600 ಮಿಲಿಗ್ರಾಂವರೆಗೆ ಗಡಸುತನವನ್ನು ಭಾರತೀಯ ಮಾನಕ ಒಪ್ಪುತ್ತದೆ. ಬಾಯ್ಲರ್‌ಗೆ ಅದು ಹೆಚ್ಚುಕಡಿಮೆ ಸೊನ್ನೆ ಇರಬೇಕು. ಮನುಷ್ಯ ಕುಡಿಯಬಹುದಾದ ನೀರನ್ನು ಬಾಯ್ಲರ್ ಕುಡಿಯಲಾರದು!

ಆ ಬಿಳಿ ಪದರ ಉಕ್ಕಿಗಿಂತ ಹತ್ತಾರು ಪಟ್ಟು ಕೆಟ್ಟ ಶಾಖವಾಹಕ. ಬೆಂಕಿಯ ಕಡೆಯಿಂದ ಬಂದ ಶಾಖ ನೀರಿಗೆ ದಾಟಲಾರದೆ ಉಕ್ಕಿನಲ್ಲೇ ನಿಲ್ಲುತ್ತದೆ. ಜೋರಾಗಿ ಉರಿಯುವ ಜಾಗದಲ್ಲಿ ಚದರ ಮೀಟರ್‌ಗೆ 100 ಕಿಲೊವಾಟ್ ಶಾಖ ಹಾಯುತ್ತಿದ್ದರೆ, ಒಂದೇ ಮಿ.ಮೀ. ಪದರಕ್ಕೆ ಉಕ್ಕಿನ ಉಷ್ಣತೆ 100 ಡಿಗ್ರಿಯಷ್ಟು ಏರಬಹುದು. ಎರಡು, ಮೂರು ಮಿ.ಮೀ. ಆದರೆ ಉಕ್ಕು ಮೆತ್ತಗಾಗಿ ಉಬ್ಬತೊಡಗುವ ಹಂತಕ್ಕೆ ಹತ್ತಿರ. ಅಲ್ಲಿಗೆ 10 ಕೆ.ಜಿ.ಗೆಂದು ಪ್ರಮಾಣಪತ್ರ ಪಡೆದ ಬಾಯ್ಲರ್ 10 ಕೆ.ಜಿ.ಯಲ್ಲೇ ಹೋಗಬಹುದು, ಮಿತಿ ದಾಟಬೇಕಿಲ್ಲ. ನೀರು ಮೆದುಗೊಳಿಸುವ ಸಾಫ್ಟ್‌ನರ್ ಇರುತ್ತದೆ, ಅದಕ್ಕೆ ಆಗಾಗ ಉಪ್ಪುನೀರು ಹಾಯಿಸಿ ಅದರ ಶಕ್ತಿ ತುಂಬಬೇಕು. ನೀರು ಗಡಸಾದಷ್ಟೂ ಬೇಗ ಬೇಗ ಹಾಯಿಸಬೇಕು. ಯಂತ್ರದ ಜೊತೆ ಬಂದ ಸೂಚನೆಯಲ್ಲಿರುವ ಅವಧಿ ಇಲ್ಲಿನ ನೀರಿಗೆ ಬರೆದದ್ದಲ್ಲ.

ಜೊತೆಗೆ ಕರೆಂಟ್. ನಮ್ಮ ಕಡೆ ಬಾಯ್ಲರ್‌ಗೆ ಸೌದೆ, ತೆಂಗಿನ ಸಿಪ್ಪೆ, ಶೇಂಗಾ ಹೊಟ್ಟು ಅಗ್ಗದ ಇಂಧನ. ಕರೆಂಟ್ ಹೋದರೆ ನೀರು ತಳ್ಳುವ ಪಂಪು ನಿಲ್ಲುತ್ತದೆ, ಆದರೆ ಸೌದೆ ಬೆಂಕಿಗೆ ಸ್ವಿಚ್ ಇಲ್ಲ. ನೀರು ತಗ್ಗುತ್ತಾ, ಕೆಳಗಿನ ತಟ್ಟೆ ಕಾಯುತ್ತಾ ಹೋಗುತ್ತದೆ. ಗಾಬರಿಯಲ್ಲಿ, ಕರೆಂಟ್ ಬಂದ ಕೂಡಲೇ ತಣ್ಣೀರು ಬಿಟ್ಟರೆ ಅದು ಎಲ್ಲಕ್ಕಿಂತ ದೊಡ್ಡ ತಪ್ಪು. ಮೊದಲು ಬೆಂಕಿ ಎಳೆಯಬೇಕು, ತಾನಾಗಿ ತಣಿಯಲು ಬಿಡಬೇಕು. ಇದನ್ನು ತಿಳಿದಿರಲಿ ಎಂದೇ ಕಾನೂನು ಪರೀಕ್ಷೆ ಪಾಸು ಮಾಡಿದ ಅಟೆಂಡೆಂಟ್ ಇರಬೇಕೆನ್ನುವುದು. ಗೆರೆಯ ಕೆಳಗೆ, ಆ ಜಾಗದಲ್ಲಿ ಯಾರು ಬೇಕಾದರೂ ನಿಲ್ಲಬಹುದು.

ಇನ್ನು ತಪಾಸಣೆ ಯಾರು ಮಾಡಬೇಕು ಎಂಬ ವಿಷಯ. ಸರ್ಕಾರಿ ಇನ್‌ಸ್ಪೆಕ್ಟರ್ ಜೊತೆಗೆ ಅರ್ಹತೆ ಪಡೆದ ಖಾಸಗಿ ವ್ಯಕ್ತಿಯೂ ತಪಾಸಣೆ ಮಾಡಿ ಪ್ರಮಾಣಪತ್ರ ಕೊಡಬಹುದು ಎಂಬುದು 2007ರಲ್ಲಿ ಬಂದು ಹೊಸ ಕಾಯ್ದೆಯಲ್ಲೂ ಮುಂದುವರಿದಿದೆ. ಖಾಸಗಿ ಎಂದ ಕೂಡಲೇ ಮೂಗು ಮುರಿಯಬೇಕಿಲ್ಲ. 1865ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನ ಬಿಯರ್ ಕಾರ್ಖಾನೆಯೊಂದರ ಬಾಯ್ಲರ್ ಸ್ಫೋಟಿಸಿದ ಮೇಲೆ ಕಾರ್ಖಾನೆ ಮಾಲೀಕರೇ ಸೇರಿ ತಪಾಸಣಾ ಸಂಘ ಕಟ್ಟಿಕೊಂಡರು. ಇಂದಿನ ‘ಟಿಯುವಿ’ ಸಂಸ್ಥೆಗಳ ಬೇರು ಅಲ್ಲಿದೆ. 1866ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಬಾಯ್ಲರ್‌ಗೆ ವಿಮೆ ಕೊಡುವ ಕಂಪನಿ ಹುಟ್ಟಿ, ತಪಾಸಣೆಯನ್ನೂ ತಾನೇ ಮಾಡತೊಡಗಿತು. ಇವರ ತಪಾಸಣೆ ನಂಬಿಕೆಗೆ ಅರ್ಹವಾಗಿದ್ದು ಏಕೆಂದರೆ, ಬಾಯ್ಲರ್ ಒಡೆದರೆ ತಪಾಸಣೆ ಮಾಡಿದವರ ಕೈಯಿಂದಲೇ ಹಣ ಹೋಗುತ್ತಿತ್ತು. ನಮ್ಮಲ್ಲಿ ಖಾಸಗಿ ತಪಾಸಕನಿಗೆ ಶುಲ್ಕ ಕೊಡುವವನು ಬಾಯ್ಲರ್ ಮಾಲೀಕ. ಬಾಯ್ಲರ್ ಒಡೆದರೆ ತಪಾಸಕನ ಜೇಬಿನಿಂದ ಹೋಗುವುದೇನು? ಅರ್ಹತೆ ಹೋಗಬಹುದು. ಅದು ಸಾಕೇ ಎಂಬುದು ನನ್ನ ಅನುಮಾನ.

ಹೊಸ ಕಾಯ್ದೆಯಲ್ಲಿ ಉಳಿದುಕೊಂಡ ಇನ್ನೊಂದು ಅಧಿಕಾರವೂ ಇದೆ. ತ್ವರಿತ ಕೈಗಾರಿಕೀಕರಣದ ಅಗತ್ಯವಿದೆ ಎನಿಸಿದರೆ ರಾಜ್ಯ ಸರ್ಕಾರ ಕೆಲವು ಬಾಯ್ಲರ್‌ಗಳಿಗೆ ಕಾಯ್ದೆಯಿಂದಲೇ ವಿನಾಯಿತಿ ಕೊಡಬಹುದು. ಹೊಸ ಕೈಗಾರಿಕಾ ಪ್ರದೇಶಗಳು ನಮ್ಮ ಗಡಿಯಲ್ಲೇ ಬೆಳೆಯುತ್ತಿರುವಾಗ ಇದರ ಮೇಲೆ ಕಣ್ಣಿಡುವುದು ಒಳ್ಳೆಯದು. ಇದರ ಜೊತೆಗೇ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳನ್ನು ಓದಬೇಕು. 1948ರ ಕಾರ್ಖಾನೆ ಕಾಯ್ದೆಯಲ್ಲಿ ವಿದ್ಯುತ್ ಬಳಸುವ, 10 ಜನ ದುಡಿಯುವ ಜಾಗ ಕಾರ್ಖಾನೆಯಾಗಿತ್ತು. ಒತ್ತಡದ ಪಾತ್ರೆಗಳ ಬಗ್ಗೆ ಅದರ 31ನೇ ಸೆಕ್ಷನ್ ಪ್ರತ್ಯೇಕವಾಗಿ ಮಾತನಾಡುತ್ತಿತ್ತು. ಈಗ ಕಾರ್ಖಾನೆ ಎನ್ನಿಸಿಕೊಳ್ಳಲು 20 ಜನ ಬೇಕು. 10 ಜನರಿದ್ದರೆ ‘ಸಂಸ್ಥೆ’ಯಾಗಿ ಸಂಹಿತೆಯ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ ನಿಜ, ಆದರೆ ಏಳೆಂಟು ಜನರ ಘಟಕಕ್ಕೆ? ಅಲ್ಲಿ ಪಾತ್ರೆಯೂ ಚಿಕ್ಕದು, ಜನರೂ ಕಡಿಮೆ. ಬಾಯ್ಲರ್ ಕಾಯ್ದೆ ಲೀಟರ್ ಎಣಿಸಿ ಬಿಟ್ಟುಬಿಡುತ್ತದೆ, ಕಾರ್ಮಿಕ ಕಾಯ್ದೆ ತಲೆ ಎಣಿಸಿ ಬಿಟ್ಟುಬಿಡುತ್ತದೆ.

2017ರ ನವೆಂಬರ್ 1ರಂದು ಉತ್ತರ ಪ್ರದೇಶದ ಊಂಚಾಹಾರ್‌ನ 500 ಮೆಗಾವಾಟ್ ಘಟಕದಲ್ಲಿ ಸ್ಫೋಟವಾಗಿ 40ಕ್ಕೂ ಹೆಚ್ಚು ಜನ ಸತ್ತಾಗ ದೇಶವೆಲ್ಲ ಮಾತನಾಡಿತು, ತನಿಖೆಯಾಯಿತು. ದೊಡ್ಡದು ಕಣ್ಣಿಗೆ ಬೀಳುತ್ತದೆ. ಅಡುಗೆಮನೆಯ ಮೂಲೆಯ ಪಾತ್ರೆ ಸಿಡಿದರೆ ಒಳಪುಟದಲ್ಲಿ ನಾಲ್ಕು ಸಾಲು, ಅದೂ ‘ಕುಕ್ಕರ್ ಸ್ಫೋಟ’ ಎಂದೋ ‘ಸಿಲಿಂಡರ್ ಸ್ಫೋಟ’ ಎಂದೋ. ಬಾಯ್ಲರ್ ಅಲ್ಲದ್ದರಿಂದ ಬಾಯ್ಲರ್ ಅಪಘಾತಗಳ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ.

ನನ್ನ ಸ್ನೇಹಿತರೊಬ್ಬರ ತಂದೆ ಸಣ್ಣ ಘಟಕ ನಡೆಸುತ್ತಾರೆ. ಇದನ್ನೆಲ್ಲ ಹೇಳಿದಾಗ ಅವರು ಸಿಟ್ಟಾದರು. ‘ಗೆರೆ ಕೆಳಗಿಳಿಸಿ ಅಂತೀಯಲ್ಲ, ಒಂದು ಸಹಿಗೆ ಬೆಂಗಳೂರಿಗೆ ಎಷ್ಟು ಸಲ ಹೋಗಬೇಕು ಗೊತ್ತಾ?’ ಪಾವಗಡದಿಂದ ತುಮಕೂರಿಗೇ 100 ಕಿ.ಮೀ. ಆಸುಪಾಸು, ಮೂರು ಕಡೆ ಆಂಧ್ರ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಗೆರೆ ಕೆಳಗಿಳಿಸಿ ಎಲ್ಲ ಸಣ್ಣ ಪಾತ್ರೆಗೂ ಇನ್‌ಸ್ಪೆಕ್ಟರ್ ಬರಬೇಕೆಂದರೆ ಅದು ನಡೆಯುವ ಮಾತಲ್ಲ, ಲಂಚಕ್ಕೆ ಇನ್ನೊಂದು ಬಾಗಿಲು ಆಗುತ್ತದೆ. ಮನೆಯ ಕುಕ್ಕರ್‌ಗೆ ಮಾಡಿದ್ದನ್ನೇ ಇದಕ್ಕೂ ಮಾಡಬಹುದು. ಕುಕ್ಕರ್ ಬಳಸುವವರ ಮನೆಗೆ ಯಾರೂ ತಪಾಸಣೆಗೆ ಬರುವುದಿಲ್ಲ, ಆದರೆ ಐಎಸ್‌ಐ ಗುರುತಿಲ್ಲದ ಕುಕ್ಕರ್ ಮಾರುವಂತಿಲ್ಲ. ಹೊಣೆ ತಯಾರಕನ ಮೇಲೆ. ಮೂರು ಲೀಟರ್ ಕುಕ್ಕರ್‌ಗೆ ಇರುವ ಈ ಕಡ್ಡಾಯ 24 ಲೀಟರ್ ಉಗಿಪಾತ್ರೆಗೆ ಏಕಿರಬಾರದು? ತಗಡಿನ ದಪ್ಪ, ಗರಿಷ್ಠ ಒತ್ತಡ, ಒಂದೂವರೆ ಪಟ್ಟು ಒತ್ತಡದಲ್ಲಿ ಪರೀಕ್ಷೆ ಮಾಡಿದ ದಿನಾಂಕ ಇವನ್ನು ಪಾತ್ರೆಯ ಮೇಲೇ ಅಚ್ಚೊತ್ತಬೇಕು. ಕೈಗೆ ಸಿಗದಂತೆ ಮುಚ್ಚಿ ಸೀಲ್ ಮಾಡಿದ ಸೇಫ್ಟಿ ವಾಲ್ವ್ ಎರಡಿರಬೇಕು, ನೇತುಹಾಕಲು ಸನ್ನೆಯೇ ಇರಬಾರದು.

ಇದಕ್ಕೆ ಕೇಂದ್ರದಿಂದ ಆದೇಶ ಬರುವವರೆಗೆ ಕಾಯಬೇಕೆಂದೂ ಇಲ್ಲ. ವಸತಿ ನಿಲಯಗಳಿಗೆ, ವಸತಿ ಶಾಲೆಗಳಿಗೆ, ಸಮುದಾಯ ಭವನಗಳಿಗೆ ಅಡುಗೆ ಸಾಮಗ್ರಿ ಕೊಳ್ಳುವುದು ಸರ್ಕಾರದ ಇಲಾಖೆಗಳೇ. ಉಗಿಪಾತ್ರೆಗೆ ಕರೆಯುವ ಟೆಂಡರ್‌ನಲ್ಲಿ ಈ ಮೂರು ವಿವರ, ಎರಡು ವಾಲ್ವ್ ಕಡ್ಡಾಯ ಎಂದು ಎರಡು ಸಾಲು ಸೇರಿಸಲು ಯಾವ ಕಾಯ್ದೆಯ ತಿದ್ದುಪಡಿಯೂ ಬೇಡ. ಈಗಾಗಲೇ ಇರುವ ಪಾತ್ರೆಗಳನ್ನು ಶಾಲೆ ಶುರುವಾಗುವ ಮುನ್ನ, ಮೇ ತಿಂಗಳಲ್ಲಿ, ತಣ್ಣೀರು ತುಂಬಿ ಕೈಪಂಪಿನಿಂದ ಒತ್ತಡ ಹಾಕಿ ಪರೀಕ್ಷಿಸಬಹುದು. ಅದಕ್ಕೆ ಬೇಕಾದ ಪಂಪು ಅನೇಕ ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ದೂಳು ತಿನ್ನುತ್ತಿದೆ. ಒಂದು ಪಾತ್ರೆಗೆ ಅರ್ಧ ಗಂಟೆ ಹಿಡಿಯುತ್ತದೆ.